ಬುಂದಾ ಕಾಯ್ದ ಮಂದೆ

ಶಾಲೆಯಲ್ಲಿ ನಮ್ಮ ಗಣಿತದ ಮಾಷ್ಟ್ರು ಲೆಕ್ಕ ತಪ್ಪಿದವರಿಗೆಲ್ಲ ಒಂದೇ ಬೈಗುಳ ಇಟ್ಟುಕೊಂಡಿದ್ದರು: “ನೀನು ಕುರಿ ಕಾಯಲಿಕ್ಕೇ ಸೈ.” ಇಡೀ ತರಗತಿಯಲ್ಲಿ ಅವರ ಮಾತನ್ನು ಉಳಿಸಿಕೊಂಡವನು ನಾನೊಬ್ಬನೇ. ಅದೂ ಊರಲ್ಲಿ ಅಲ್ಲ, ವೀಸಾ ಹೊಡೆಸಿಕೊಂಡು, ವಿಮಾನ ಹತ್ತಿ, ಸಮುದ್ರ ದಾಟಿ ಬಹ್ರೇನಿಗೆ ಬಂದು ಕುರಿ ಕಾದೆ. ಚೆನ್ನಾಗಿ ಕಾದೆ. ಜಂಬ ಅನ್ನುವವರು ಅನ್ನಲಿ, ನನ್ನ ಹಾಗೆ ಕಾದವರು ಈ ದ್ವೀಪದಲ್ಲಿ ಹೆಚ್ಚು ಮಂದಿ ಇಲ್ಲ.

ಈಗ ನಿವೃತ್ತನಾಗಿ ಸನದ್‌ನಲ್ಲಿ ಮಗಳ ಫ್ಲಾಟಿನಲ್ಲಿದ್ದೇನೆ. ಅವಳು ಇಲ್ಲಿ ನರ್ಸ್. ಊರ ಕಡೆಯಿಂದ ಹೊಸದಾಗಿ ಮಜ್ರಾ ಕೆಲಸಕ್ಕೆ, ಅಂದರೆ ಇಲ್ಲಿನ ತೋಟಗಳ ಕೆಲಸಕ್ಕೆ ಬಂದವರು ಶುಕ್ರವಾರ ಮನೆಗೆ ಬಂದು ಕೂರುತ್ತಾರೆ. ಸಂಬಳ ಎಷ್ಟು, ರಜೆ ಎಷ್ಟು ಎಂದು ಕೇಳುತ್ತಾರೆಯೇ ಹೊರತು ಕೆಲಸ ಎಂತದ್ದು ಎಂದು ಕೇಳುವುದಿಲ್ಲ. ಅವರು ಕೇಳದಿದ್ದರೂ ಹೇಳುವುದು ನನ್ನ ಜಾಯಮಾನ. ಬಡ್ತಿಯ ಕಥೆ ನನ್ನಲ್ಲಿಲ್ಲ. ಕುರಿಹಟ್ಟಿಯಲ್ಲಿ ಎಂತ ಬಡ್ತಿ ಮಾರಾಯ್ರೆ? ಸೇರಿದ ದಿನ ಕುರಿಯವನು, ಬಿಟ್ಟ ದಿನವೂ ಕುರಿಯವನೇ.

ಮೊದಲು ನಾನು ಉಮ್ ಅಲ್ ಹಸ್ಸಮ್‌ನಲ್ಲಿ ಒಂದು ಅಂಗಡಿಯ ಸಾಮಾನು ಸಾಗಿಸುವ ವ್ಯಾನಿನಲ್ಲಿ ಸಹಾಯಕನಾಗಿದ್ದೆ. ಒಂದು ದಿನ ರಿಫಾ ದಾಟಿ ದಕ್ಷಿಣಕ್ಕಿರುವ ಒಂದು ತೋಟಕ್ಕೆ ಮೇವಿನ ಮೂಟೆ ಇಳಿಸಲು ಹೋದಾಗ ಅಲ್ಲಿ ಒಂದು ಕುರಿ ಮರಿ ಹಾಕಲಾರದೆ ಒದ್ದಾಡುತ್ತಿತ್ತು. ನಮ್ಮದು ಕಾರ್ಕಳದ ಹತ್ತಿರದ ಹಳ್ಳಿ, ಮನೆಯಲ್ಲಿ ದನ ಸಾಕಿದವರು. ನಾನು ಅಂಗಿ ತೋಳು ಮಡಚಿ ಕೈಹಾಕಿ ಮರಿಯನ್ನು ಹೊರಗೆ ತೆಗೆದೆ. ತೋಟದ ಯಜಮಾನರು, ಬೂ ಖಾಲಿದ್ ಎಂದು ಅವರನ್ನು ಎಲ್ಲರೂ ಕರೆಯುವುದು, ನಿಂತು ನೋಡಿದರು. ತಿಂಗಳು ಕಳೆಯುವಷ್ಟರಲ್ಲಿ ನನ್ನ ವೀಸಾದ ಕಾಗದಪತ್ರ ಅವರ ಹೆಸರಿಗೆ ಬದಲಾಯಿತು. ನಾನು ಅವರನ್ನು ಅರಬಾಬ್ ಎನ್ನುತ್ತಿದ್ದೆ, ಇಲ್ಲಿ ಧಣಿಗೆ ನಾವು ಹಾಗೆಯೇ ಅನ್ನುವುದು.

ತೋಟದಲ್ಲಿ ನನಗೆ ಸಿಕ್ಕ ಸ್ನೇಹಿತ ಹಮೀದಾಕ. ಉಪ್ಪಿನಂಗಡಿ ಕಡೆಯ ಬ್ಯಾರಿ, ಪಿಕಪ್ ಓಡಿಸುವವರು, ನನಗಿಂತ ಹಿರಿಯರು. ಅವರ ನಾಲಿಗೆ ಅವರ ಗಾಡಿಯ ಹಾರ್ನಿನ ಹಾಗೆ, ಅಗತ್ಯ ಇದ್ದರೂ ಇಲ್ಲದಿದ್ದರೂ ಕೆಲಸ ಮಾಡುತ್ತಿತ್ತು.

ಆಗಿನ ನಮ್ಮ ದೊಡ್ಡ ತಲೆನೋವು ನಾಯಿಗಳು. ನಾಯಿ ಎಂದರೆ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಬಿಸ್ಕೆಟಿಗೆ ಬಾಲ ಅಲ್ಲಾಡಿಸುವ ಪಾಪದ ನಾಯಿಯಲ್ಲ. ಯಾರೋ ಸಾಕಿ ಬಿಟ್ಟವು, ಬಯಲಲ್ಲೇ ಹುಟ್ಟಿ ಬೆಳೆದವು, ಗುಂಪುಕಟ್ಟಿಕೊಂಡು ಬರುತ್ತಿದ್ದವು. ಬೇಲಿಯ ಕೆಳಗೆ ಮರಳು ತೋಡಿ ನುಗ್ಗಿದರೆ ಮುಗಿಯಿತು. ಕಚ್ಚಿ ಸಾಯಿಸಿದ್ದಕ್ಕಿಂತ ಹೆದರಿಸಿ ಸಾಯಿಸಿದ್ದೇ ಹೆಚ್ಚು. ಕುರಿಗೆ ಹೆದರಿಕೆ ಹಿಡಿದರೆ ಅದು ಮೂಲೆಗೆ ಓಡುತ್ತದೆ, ಒಂದರ ಮೇಲೊಂದು ಬಿದ್ದು ಅಡಿಯಲ್ಲಿದ್ದದ್ದು ಉಸಿರುಕಟ್ಟುತ್ತದೆ. ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆದರೆ ಮೊದಲು ಸತ್ತವನ್ನು ಎಣಿಸಬೇಕಾದ ದಿನಗಳವು.

ಇದಕ್ಕೆ ಪರಿಹಾರ ಬಂದದ್ದು ಅರಬಾಬ್‌ರ ಮೊಣಕಾಲುನೋವಿನಿಂದ. ಬಿಸಿನೀರಿನ ಬುಗ್ಗೆಯಲ್ಲಿ ಕೂತರೆ ವಾಸಿಯಾಗುತ್ತದೆ ಎಂದು ಯಾರೋ ಹೇಳಿ ಅವರು ಹಂಗೇರಿ ದೇಶಕ್ಕೆ ಹೋದರು. ನೋವು ಹಾಗೆಯೇ ಉಳಿಯಿತು. ಆದರೆ ಅಲ್ಲಿನ ಹುಲ್ಲು ಬಯಲು ನೋಡಲು ಹೋದವರು ಕುರಿಮಂದೆಯ ನಡುವೆ ಒಂದು ಕುರಿ ಎದ್ದು ಬೊಗಳಿದ್ದನ್ನು ಕಂಡರಂತೆ. ಅದು ನಾಯಿ! ಮೈತುಂಬ ಹಗ್ಗ ಹೊಸೆದು ಇಳಿಬಿಟ್ಟ ಹಾಗೆ ಕೂದಲು, ಕಣ್ಣೆಲ್ಲಿ ಮೂಗೆಲ್ಲಿ ತಿಳಿಯದು. ಕೊಮೊಂಡೋರ್ ಎಂದು ಅದರ ಜಾತಿ. “ಯಾ ಶೇಖರ್,” ಎಂದು ಫೋನಿನಲ್ಲೇ ಕೂಗಿದರು ಅರಬಾಬ್, “ನಮ್ಮ ಕಳ್ಳರಿಗೆ ಪೊಲೀಸ್ ಸಿಕ್ಕಿತು!”

ಪೊಲೀಸರು ಬಂದದ್ದು ಎರಡು ಮರಿಗಳಾಗಿ. ಜೊತೆಗೆ ಅವನ್ನು ಪಳಗಿಸಲು ಒಬ್ಬ ಮುದುಕ ಕುರಿಗಾಹಿ. ತಮ್ಮನ್ನು ಪಿಷ್ಟಾ ಬಾಚಿ ಎಂದು ಕರೆಯಬೇಕೆಂದು ಎದೆ ತಟ್ಟಿ ತೋರಿಸಿದರು. ಬಾಚಿ ಎಂದರೆ ಅವರಲ್ಲಿ ಹಿರಿಯರಿಗೆ ಹೇಳುವ ಮಾವ. ದಪ್ಪ ಮೀಸೆ, ಕಪ್ಪು ಹ್ಯಾಟು, ಕೈಯಲ್ಲಿ ತುದಿಗೆ ಕೊಕ್ಕೆಯಿದ್ದ ಉದ್ದ ಕೋಲು. ಇಂಗ್ಲಿಷ್ ಅವರಿಗೂ ಅಷ್ಟಕ್ಕಷ್ಟೇ, ನನಗೂ ಅಷ್ಟಕ್ಕಷ್ಟೇ. ನಾನು ಅವರಿಂದ ಕಲಿತ ಮೊದಲ ಮಾತು “ನೆಮ್”. ಹಾಗೆಂದರೆ ಬೇಡ, ಕೂಡದು, ತೆಗಿ ಕೈ. “ಯೋ” ಅಂದರೆ ಒಳ್ಳೆಯದು. ಅದನ್ನು ಕೇಳಲು ಬಹಳ ಕಾಲ ಕಾಯಬೇಕಾಯಿತು.

ಮೊದಲ ನೆಮ್ ಬಿದ್ದದ್ದು ಅದೇ ದಿನ. ಹತ್ತಿಯ ಉಂಡೆಯ ಹಾಗಿದ್ದ ಮರಿಯನ್ನು ನಾನು ಎತ್ತಿ ಮುದ್ದು ಮಾಡಿದೆ. ಬಾಚಿ ಕಸಿದುಕೊಂಡು ಕುರಿಹಟ್ಟಿಯೊಳಗೆ ಬಿಟ್ಟರು. ಒಂದು ತಾಯಿಕುರಿ ಬಂದು ಅದಕ್ಕೆ ತಲೆಯಲ್ಲಿ ಗುದ್ದಿತು, ಮರಿ ಉರುಳಿ ಬಿದ್ದು ಕುಂಯ್‌ಗುಟ್ಟಿತು. ನಾನು ಓಡಿದೆ. “ನೆಮ್!” ಕೋಲು ಅಡ್ಡ ಬಂತು. ಕೈಸನ್ನೆ, ಮುರುಕು ಇಂಗ್ಲಿಷ್, ಮರಳ ಮೇಲೆ ಕೋಲಿನಿಂದ ಗೀಚಿದ ಚಿತ್ರ, ಎಲ್ಲ ಸೇರಿ ನನಗೆ ಅರ್ಥವಾದದ್ದಿಷ್ಟು: ಈ ಮರಿ ಕುರಿಯ ಜೊತೆಗೇ ಮಲಗಬೇಕು, ಕುರಿಯಿಂದಲೇ ಪೆಟ್ಟು ತಿನ್ನಬೇಕು, ಕುರಿಯ ವಾಸನೆಯನ್ನೇ ಮನೆಯ ವಾಸನೆ ಎಂದು ತಿಳಿಯಬೇಕು. ಆಗ ಅದು ಕುರಿಯನ್ನು ತನ್ನವರೆಂದು ಕಾಯುತ್ತದೆ. ಮನುಷ್ಯ ಮುದ್ದು ಮಾಡಿದರೆ ಮನುಷ್ಯನನ್ನು ಕಾಯುತ್ತದೆ, ಕುರಿ ಹಾಳಾಗಿ ಹೋಗುತ್ತದೆ.

ಅವರ ಬಯಲಿನಲ್ಲಿ ಕುರಿ ಓಡಿಸುವ ನಾಯಿ ಬೇರೆ, ಕುರಿ ಕಾಯುವ ನಾಯಿ ಬೇರೆ. ಓಡಿಸುವುದು ಸಣ್ಣದು, ಕಪ್ಪು, ಒಂದು ಗಳಿಗೆ ಸುಮ್ಮನಿರದು. ಕಾಯುವುದು ದೊಡ್ಡದು, ಬಿಳಿ, ಹಗಲೆಲ್ಲ ಮಲಗಿ ಬಿದ್ದಿರುತ್ತದೆ. ಬಿಳಿ ಯಾಕೆಂದರೆ ಮುಸ್ಸಂಜೆಯಲ್ಲಿ ತೋಳ ಎಂದು ತಿಳಿದು ಕುರಿಗಾಹಿ ತನ್ನ ನಾಯಿಗೇ ಹೊಡೆಯಬಾರದು ಎಂದು. ಆ ಹಗ್ಗದಂಥ ಕೂದಲೂ ಚೆಂದಕ್ಕಲ್ಲ. ತೋಳ ಬಾಯಿ ಹಾಕಿದರೆ ಹಲ್ಲಿಗೆ ಕೂದಲೇ ಸಿಗಬೇಕು, ಚರ್ಮ ಸಿಗಬಾರದು. ಹೊಸಬರು ಇದನ್ನು ನೆನಪಿಡಿ: ಮಲಗಿರುವ ಕಾವಲುನಾಯಿಯನ್ನು ಸೋಮಾರಿ ಎಂದು ಬೈಯಬೇಡಿ. ಅದು ಮಲಗಿದೆ ಎಂದರೆ ಎಲ್ಲ ಸರಿಯಾಗಿದೆ ಎಂದರ್ಥ.

ಹೆಣ್ಣುಮರಿಗೆ ಬಾಚಿ ಬುಂದಾ ಎಂದು ಹೆಸರಿಟ್ಟರು. ಅವರ ಕುರಿಗಾಹಿಗಳು ಚಳಿಗೆ ಹೊದೆಯುವ ಕುರಿಚರ್ಮದ ದೊಡ್ಡ ಕೋಟಿನ ಹೆಸರದು. ಗಂಡು ಬೊದ್ರಿ. ಈ ಬೊದ್ರಿಯ ಕಥೆ ಹೇಳಲೇಬೇಕು, ಯಜಮಾನರಾದವರು ಎಡವುವುದು ಹೇಗೆ ಎಂದು ತಿಳಿಯಲಿಕ್ಕೆ.

ಅರಬಾಬ್‌ರ ಮೊಮ್ಮಕ್ಕಳು ಒಂದು ಶುಕ್ರವಾರ ತೋಟಕ್ಕೆ ಬಂದು ಬೊದ್ರಿ ಬೇಕೇ ಬೇಕು ಎಂದು ಅತ್ತರು. ಬಾಚಿ ನೆಮ್ ಎಂದರು. ಆದರೆ ಯಾವ ದೇಶದಲ್ಲಾದರೂ ಮೊಮ್ಮಕ್ಕಳ ಅಳುವಿನ ಎದುರು ಯಾರ ನೆಮ್ ನಡೆಯುತ್ತದೆ? ಬೊದ್ರಿ ರಿಫಾದ ಬಂಗಲೆಗೆ ಹೋಯಿತು. ಅಂಗಳದಲ್ಲಿ ಅದಕ್ಕೊಂದು ಕೋಣೆ, ಕೋಣೆಗೊಂದು ಏಸಿ. ಕೆಲವು ತಿಂಗಳಾದ ಮೇಲೆ ಅದು ಹೂಕುಂಡಗಳನ್ನೆಲ್ಲ ಉರುಳಿಸಿತೆಂದು ತಿರುಗಿ ತೋಟಕ್ಕೆ ತಂದರು. ಹಟ್ಟಿಯೊಳಗೆ ಬಿಟ್ಟದ್ದೇ ತಡ, ಅದು ಕುರಿಗಳನ್ನು ಚೆಂಡಿನ ಹಾಗೆ ಓಡಿಸಿ ಆಟ ಆಡಿತು. ಒಂದು ಮುದಿ ಕುರಿಯನ್ನು ಬಾಲ ಹಿಡಿದು ಎಳೆಯಿತು. ಬಾಚಿ ಹ್ಯಾಟು ತೆಗೆದು ಅರಬಾಬ್‌ರಿಗೆ ತಲೆಬಾಗಿದರು, ಅಷ್ಟೇ. ಅರಬಾಬ್ ಬೊದ್ರಿಯನ್ನು ಕಾರಿಗೆ ಹತ್ತಿಸಿಕೊಂಡು ಏಸಿಗೆ ವಾಪಸು ಕರೆದುಕೊಂಡು ಹೋದರು. ಒಂದೇ ಹೊಟ್ಟೆಯ ಎರಡು ಮರಿ, ಒಂದು ಪೊಲೀಸ್ ಆಯಿತು, ಇನ್ನೊಂದು ಮದುವೆಯಾಗದ ಭಾವನ ಹಾಗೆ ಮನೆಯಲ್ಲೇ ಉಳಿಯಿತು.

ಹಿಮದ ನಾಡಿನ ನಾಯಿಯನ್ನು ಈ ಸುಡುಬಿಸಿಲಿಗೆ ತಂದದ್ದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಾವು ಬೇಸಿಗೆಯಲ್ಲಿ ಮಂದೆಯನ್ನು ಬೆಳಕು ಹರಿಯುವ ಮೊದಲು ಹೊರಗೆ ಬಿಟ್ಟು ಬಿಸಿಲೇರುವ ಮೊದಲು ಒಳಗೆ ತರುತ್ತಿದ್ದೆವು. ಹಟ್ಟಿಗೆ ಎತ್ತರದ ಮಾಡು, ದೊಡ್ಡ ಫ್ಯಾನು, ನೀರು ಹನಿಸುವ ಕೂಲರು. ಬುಂದಾ ಮಲಗುವ ನೆಲವನ್ನು ತೋಡಿ ತೇವ ಮಾಡಿಡುತ್ತಿದ್ದೆ. ಕುರಿಗೂ ಅದರಿಂದ ಸುಖವಾಯಿತು, ಮರಿ ಸಾಯುವುದು ಕಡಿಮೆಯಾಯಿತು. ನಾಯಿಗೆ ಮಾಡಿದ್ದು ಮಂದೆಗೆ ಬಂತು.

ಹಮೀದಾಕ ಬುಂದಾಳನ್ನು ಮುಟ್ಟುತ್ತಿರಲಿಲ್ಲ. ನಮಾಜಿನ ಮನುಷ್ಯ, ನಾಯಿಯ ಜೊಲ್ಲು ತಾಗಿದರೆ ತೊಳೆದುಕೊಳ್ಳಬೇಕು. “ಮುಟ್ಟುದಿಲ್ಲ ಅಂದ ಕೂಡ್ಲೇ ಪ್ರೀತಿ ಇಲ್ಲ ಅಂತ ಅಲ್ಲ ಮಾರಾಯ,” ಎನ್ನುತ್ತಿದ್ದರು. “ಮಂದೆ ಕಾಯುವ ನಾಯಿಗೆ ನಮ್ಮಲ್ಲಿ ಮೊದ್ಲಿಂದ್ಲೂ ಜಾಗ ಉಂಟು.” ಬೇಲಿಯ ಆಚೆ ನಿಂತು ಬ್ಯಾರಿ ಭಾಷೆಯಲ್ಲಿ ಅವಳ ಯೋಗಕ್ಷೇಮ ವಿಚಾರಿಸುತ್ತಿದ್ದರು. ಹೋಟೆಲಿನಿಂದ ಮೂಳೆ ತರುವುದೂ ಅವರೇ. ಅವಳು ಅವರ ಪಿಕಪ್ಪಿನ ಸದ್ದಿಗೆ ಮಾತ್ರ ಬೊಗಳುತ್ತಿರಲಿಲ್ಲ.

ಬುಂದಾ ಬೆಳೆದು ಹಟ್ಟಿಯ ಒಡತಿಯಾದಳು. ಕಳ್ಳ ನಾಯಿಗಳು ಬೇಲಿಯ ಹತ್ತಿರ ಕಾಣಿಸಿದರೆ ಸಾಕು, ಎದ್ದು ನಿಂತು ಒಂದು ಸಲ ಗುಡುಗುವಳು. ಕುರಿಗಳು ಮೊದಲಿನ ಹಾಗೆ ದಿಕ್ಕಾಪಾಲಾಗಿ ಓಡದೆ ಬಂದು ಅವಳ ಬೆನ್ನ ಹಿಂದೆ ಗುಂಪಾಗುತ್ತಿದ್ದವು. ಅದನ್ನು ಮೊದಲ ಸಲ ಕಂಡ ದಿನ ಪಿಷ್ಟಾ ಬಾಚಿ ನನ್ನ ಭುಜಕ್ಕೆ ಗುದ್ದಿ “ಯೋ” ಎಂದರು. ಮುಂದಿನ ವಾರ ಅವರು ಊರಿಗೆ ಹೊರಟರು. ಕೊಕ್ಕೆಯ ಕೋಲನ್ನು ನನ್ನ ಕೈಯಲ್ಲಿಟ್ಟು ಹೋದರು. ಅಂದಿನಿಂದ ಬುಂದಾಳ ಮಟ್ಟಿಗೆ ನಾನೇ ಬಾಚಿ.

ಇನ್ನು ನಾನು ಹೇಳಬೇಕೆಂದು ಕೂತ ವಿಷಯ.

ಬೇಸಿಗೆಗೆ ಮುಂಚೆ ಉಣ್ಣೆ ಕತ್ತರಿಸುವ ದಿನಗಳಲ್ಲಿ ಹಟ್ಟಿ ಮದುವೆಮನೆಯ ಹಾಗಿರುತ್ತದೆ. ಆ ಕೆಲಸಕ್ಕೆ ಪ್ರತಿ ವರ್ಷ ಬರುವವನು ಗುಲ್ ಖಾನ್, ಪಾಕಿಸ್ತಾನದ ಗುಡ್ಡಗಾಡಿನವನು. ಗರಗರ ಎನ್ನುವ ಮೆಷಿನ್ ಹಿಡಿದು ಕುರಿಯನ್ನು ಮಗುವಿನ ಹಾಗೆ ಮಗುಚಿ, ಒಂದು ಗೀರೂ ಆಗದಂತೆ ಉಣ್ಣೆಯನ್ನು ಅಂಗಿ ಬಿಚ್ಚಿದ ಹಾಗೆ ಇಡಿಯಾಗಿ ತೆಗೆಯುತ್ತಾನೆ. ಆ ದಿನಗಳಲ್ಲಿ ನಾನು ಬುಂದಾಳನ್ನು ಸಣ್ಣ ಮರಿಗಳ ಜೊತೆ ಪಕ್ಕದ ದೊಡ್ಡಿಯಲ್ಲಿ ಹಾಕಿ ಅಗುಳಿ ಜಡಿಯುತ್ತಿದ್ದೆ. ಬಾಚಿ ಹೋಗಿ ಕೆಲವು ವರ್ಷವಾದ ಮೇಲೆ, ನಾನು ಹೇಳುತ್ತಿರುವ ವರ್ಷವೂ ಜಡಿದಿದ್ದೆ. ಅಷ್ಟರಲ್ಲಿ ಮೆಷಿನಿನ ಬ್ಲೇಡು ಮೊಂಡಾಯಿತೆಂದು ಗುಲ್ ಖಾನ್ ಹೇಳಿದ. ನಾನು ಹಮೀದಾಕನ ಜೊತೆ ಪಿಕಪ್ಪಿನಲ್ಲಿ ಸನದ್‌ಗೆ ಬಂದು ಬ್ಲೇಡು ಹುಡುಕಿದೆ. ಅಂಗಡಿಯಿಂದ ಅಂಗಡಿಗೆ ಅಲೆದು ತಿರುಗಿ ಹೋಗುವಾಗ ಮಧ್ಯಾಹ್ನ ದಾಟಿತ್ತು. ಅವನಲ್ಲಿ ಇನ್ನೊಂದು ಹಳೆಯ ಬ್ಲೇಡು ಇತ್ತು, ಅದರಲ್ಲೇ ಕೆಲಸ ಸಾಗಿಸಿದ್ದ.

ಹಟ್ಟಿಯ ಎದುರು ಒಂದು ವಿಚಿತ್ರ ಪ್ರಾಣಿ ನಿಂತಿತ್ತು. ಬೂದು ಮೈ, ಎಣಿಸಬಹುದಾದ ಪಕ್ಕೆಲುಬು, ಉದ್ದ ಮೂತಿ, ಎರಡು ಕಪ್ಪು ಕಣ್ಣು. ಆ ಕಣ್ಣನ್ನು ನಾನು ಅಷ್ಟು ವರ್ಷದಲ್ಲಿ ಸರಿಯಾಗಿ ನೋಡಿದ್ದೇ ಅವತ್ತು. ಅದು ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು.

“ಯಾ ರಬ್ಬೇ!” ಎಂದು ಹಮೀದಾಕ ಸ್ಟೀರಿಂಗಿಗೆ ಹಣೆ ಒರಗಿಸಿದರು.

ಆದದ್ದು ಇಷ್ಟು. ಒಳಗಿದ್ದ ಮರಿಗಳು ದೂಡಿ ದೂಡಿ ಅಗುಳಿ ಜಾರಿತ್ತು. ಬುಂದಾ ಹೊರಗೆ ಬಂದು ತನ್ನವರು ಎಲ್ಲಿ ಸಾಲಾಗಿ ನಿಂತಿದ್ದರೋ ಅಲ್ಲಿಗೆ ಹೋದಳು. ಒಂದೊಂದೇ ಕುರಿ ಹೋಗಿ ಗುಲ್ ಖಾನನ ಎದುರು ಮಲಗುತ್ತಿತ್ತು. ಅವಳ ಸರದಿ ಬಂದಾಗ ಅವಳೂ ಹೋಗಿ ಮಲಗಿದಳು. ಕುರಿ ಎಂದು ಬೆಳೆಸಿದ್ದು ನಾವೇ ಅಲ್ಲವೇ!

“ಭಾಯಿ, ನಾಯಿ ಅಂತ ನನಗೆ ಗೊತ್ತಿರಲಿಲ್ಲವೇ?” ಎಂದ ಗುಲ್ ಖಾನ್. ನಮ್ಮ ಮಾತು ಹಿಂದಿಯಲ್ಲಿ. “ಅವಳಾಗಿ ಬಂದು ಮಲಗಿದಳು. ಇಷ್ಟು ಬಿಸಿಲಿಗೆ ಇಷ್ಟು ಕಂಬಳಿ ಹೊತ್ತ ಬಡಜೀವ, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ನಮ್ಮ ಗುಡ್ಡದಲ್ಲಿ ಬೇಸಿಗೆಗೆ ಮಂದೆಯ ನಾಯಿಗೂ ಕತ್ತರಿಸುತ್ತೇವೆ. ಕೇಳಿ ಬಂದವಳಿಗೆ ಇಲ್ಲ ಅನ್ನಲಾ? ನಾಲ್ಕು ಕುರಿಯ ಹೊತ್ತು ಇವಳೊಬ್ಬಳಿಗೇ ಹೋಯಿತು. ಆಮೇಲೆ ಔಷಧಿಯ ಸಾಬೂನು ಹಾಕಿ ತೊಳೆದೂ ಇದ್ದೇನೆ, ನೋಡು ಹೇಗೆ ಹೊಳೆಯುತ್ತಾಳೆ!”

ಪ್ರಶಂಸೆ ಬರಬಹುದು ಎಂದು ನಿಂತಿದ್ದ ಪುಣ್ಯಾತ್ಮ. ನಾನು ಬಾಯಿಗೆ ಬಂದ ಹಾಗೆ ಬೈದೆ, ತುಳುವಿನಲ್ಲಿ. ಅವನಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೂ ತಲೆ ತಗ್ಗಿಸಿದ.

ಕೂದಲು ಹೋದದ್ದಕ್ಕಿಂತ ದೊಡ್ಡ ಅನಾಹುತ ಆಮೇಲೆ ಕಂಡಿತು. ಬುಂದಾ ಮಂದೆಯ ಕಡೆ ನಡೆದಳು. ಕುರಿಗಳು ತಲೆ ಎತ್ತಿ ನೋಡಿ, ಹೌಹಾರಿ ಎರಡು ಪಾಲಾಗಿ ಓಡಿದವು. ಅವಳು ನಿಂತಳು. ಮತ್ತೆ ನಿಧಾನ ಹತ್ತಿರ ಹೋದಳು. ದೊಡ್ಡ ಟಗರು ಓಡಿಬಂದು ಅವಳ ಪಕ್ಕೆಗೆ ಗುದ್ದಿತು. ತನ್ನ ಮೈಮೇಲೆ ಹತ್ತಿ ಮಲಗುತ್ತಿದ್ದ ಮರಿಗಳೂ ಕಿರುಚಿ ದೂರ ಓಡಿದಾಗ ಅವಳು ಹಿಂದಿರುಗಿ ನೀರಿನ ಟ್ಯಾಂಕಿನ ಬುಡದಲ್ಲಿ ಮಂದೆಗೆ ಬೆನ್ನು ಹಾಕಿ ಮಲಗಿಬಿಟ್ಟಳು. ನನಗೆ ಅಳು ಬಂತು. ಬಂತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮರುದಿನ ಅರಬಾಬ್ ಬಂದರು. ಕುರಿಗಳು ಅವಳಿಂದ ದೂರ ನಿಲ್ಲಬೇಕೆಂದು ಒಂದು ಬದಿಯ ಬೇಲಿಗೆ ಒತ್ತಿ ಒತ್ತಿ ತಂತಿಯೇ ಬಾಗಿತ್ತು. ಒಂದರ ಕಾಲು ಗೀರಿ ರಕ್ತ ಬಂದಿತ್ತು.

“ಖಲಾಸ್, ಯಾ ಶೇಖರ್,” ಎಂದರು. ಸಿಟ್ಟಿನಲ್ಲಲ್ಲ, ಬೇಸರದಲ್ಲಿ. “ಕುರಿ ಹೆದರುವ ನಾಯಿಯಿಂದ ಎಂತ ಪ್ರಯೋಜನ? ನನ್ನ ಸ್ನೇಹಿತನಿಗೆ ಬಂಗಲೆಯ ಗೇಟಿಗೆ ಕಟ್ಟಲಿಕ್ಕೆ ದೊಡ್ಡ ನಾಯಿ ಬೇಕಂತೆ. ಶುಕ್ರವಾರ ನಮಾಜು ಮುಗಿಸಿ ಬಂದು ಕರೆದುಕೊಂಡು ಹೋಗುತ್ತಾನೆ.”

ಗೇಟಿಗೆ ಕಟ್ಟುವುದು! ಹುಟ್ಟಿದಂದಿನಿಂದ ಸರಪಳಿ ಕಾಣದವಳು, ಕುರಿಯ ಉಸಿರು ಕೇಳದೆ ಒಂದು ದಿನ ಮಲಗದವಳು. ಆ ಸಿಮೆಂಟಿನ ಮೇಲೆ ಅವಳು ಅನ್ನ ನೀರು ಬಿಟ್ಟು ಸಾಯುತ್ತಾಳೆಂದು ನನಗೆ ಖಚಿತವಾಗಿತ್ತು.

“ಅರಬಾಬ್, ಅಷ್ಟರೊಳಗೆ ಕುರಿಗಳು ಒಪ್ಪಿಕೊಂಡರೆ?” ಎಂದು ಕೇಳಿದೆ.

“ಒಪ್ಪಿದರೆ ನೋಡೋಣ, ಇನ್‌ಶಾಲ್ಲಾ,” ಎಂದರು. ಅವರ ಇನ್‌ಶಾಲ್ಲಾದಲ್ಲಿ ನಂಬಿಕೆ ಕಾಣಲಿಲ್ಲ.

ಪಿಷ್ಟಾ ಬಾಚಿಗೆ ಫೋನ್ ಮಾಡಿದೆ. ಫೋನನ್ನು ಮನೆಯಲ್ಲಿಟ್ಟು ತಾವು ಕುರಿಯ ಜೊತೆ ಹೋಗುವ ಮನುಷ್ಯ, ಎಷ್ಟು ಬಡಿದುಕೊಂಡರೂ ಎತ್ತಲಿಲ್ಲ. ನಾನು ಹಟ್ಟಿಯ ಕಟ್ಟೆಯ ಮೇಲೆ ಕೂತು ಮಂದೆಯನ್ನೇ ನೋಡತೊಡಗಿದೆ. ಹೊಸಬರಿಗೆ ನನ್ನ ದೊಡ್ಡ ಉಪದೇಶ ಇದೇ: ದಾರಿ ಕಾಣದಾಗ ಪ್ರಾಣಿಯನ್ನು ನೋಡುತ್ತಾ ಕೂರಿ, ಫೋನನ್ನಲ್ಲ.

ಉಣ್ಣೆ ತೆಗೆದ ತಾಯಿಗಳ ಎದುರು ಅವುಗಳ ಮರಿಗಳೂ ಗಲಿಬಿಲಿಯಾಗಿದ್ದವು. ಅಮ್ಮ ಕರೆದರೆ ಓಡಿಬರುತ್ತಿದ್ದವು, ಎದುರಿಗೆ ನೋಡಿ ‘ಇದ್ಯಾರು’ ಎಂದು ಹಿಂಜರಿಯುತ್ತಿದ್ದವು. ತಾಯಿ ಅಲ್ಲೇ ನಿಲ್ಲುತ್ತಿತ್ತು. ಮರಿ ಮೂಗು ಚಾಚಿ ಮೂಸಿ, ಮರುಗಳಿಗೆಗೆ ಹೊಟ್ಟೆಯಡಿಗೆ ನುಗ್ಗಿ ಹಾಲು ಕುಡಿಯುತ್ತಿತ್ತು. ಕಣ್ಣಿಗೆ ಬೇರೆಯವಳಾದರೂ ಮೂಗಿಗೆ ಅಮ್ಮನೇ. ನನಗೆ ಥಟ್ಟನೆ ಹೊಳೆಯಿತು. ಬುಂದಾ ಕಣ್ಣಿಗೂ ಬೇರೆ, ಮೂಗಿಗೂ ಬೇರೆ. ಆ ಪುಣ್ಯಾತ್ಮ ಸಾಬೂನಿನಲ್ಲಿ ತೊಳೆದಿದ್ದನಲ್ಲ! ಕೂದಲನ್ನು ಅಂಟಿಸಲು ನನ್ನಿಂದ ಆಗದು. ವಾಸನೆಯನ್ನು ಅಂಟಿಸಬಹುದಲ್ಲ?

ಆ ವರ್ಷದ ಉಣ್ಣೆಯೆಲ್ಲ ಶೆಡ್ಡಿನಲ್ಲಿ ರಾಶಿ ಬಿದ್ದಿತ್ತು, ತೊಳೆಯದ್ದು, ಜಿಡ್ಡು, ಬೆವರು, ಹಿಕ್ಕೆಯ ನಾತ ಎಲ್ಲ ಇದ್ದದ್ದು. ಗುಲ್ ಖಾನನನ್ನೂ ಕರೆದೆ. ಅವನು ಬೇರೆ ತೋಟದ ಕೆಲಸ ಬಿಟ್ಟು ಓಡಿಬಂದ. ಉಣ್ಣೆಯನ್ನು ಟ್ಯಾಂಕಿನ ಬುಡದಲ್ಲಿ ಹಾಸಿ ಅದರ ಮೇಲೆ ಬುಂದಾಳನ್ನು ಮಲಗಿಸಿದೆವು. ಜಿಡ್ಡಿನ ಉಣ್ಣೆಯ ಮುದ್ದೆ ಮಾಡಿ ಅವಳ ಮೈಯನ್ನು ತಲೆಯಿಂದ ಬಾಲದ ತನಕ ತಿಕ್ಕಿದೆವು. ಬೆಳಿಗ್ಗೆ ತಿಕ್ಕಿದೆವು, ಸಂಜೆ ತಿಕ್ಕಿದೆವು. ಅವಳಿಂದ ಇಳಿದ ಕೂದಲ ಹಗ್ಗಗಳನ್ನು ಆರಿಸಿ ಕುರಿಗಳು ನೀರು ಕುಡಿಯುವ ತೊಟ್ಟಿಯ ಸುತ್ತ, ಜತ್ ಎಂಬ ಹಸಿರು ಮೇವು ಹಾಕುವ ಬಾನಿಯ ಅಂಚಿಗೆ ಕಟ್ಟಿದೆ. ಮೇವು ತಿನ್ನಬೇಕಾದರೆ ಅದನ್ನು ಮೂಸಿಯೇ ತಿನ್ನಬೇಕು.

ಹಮೀದಾಕ ಬೇಲಿಯ ಆಚೆ ನಿಂತು ನೋಡಿದರು. “ಎಂತ ಶೇಖರ, ನಿಮ್ಮಲ್ಲಿ ಮದುಮಗಳಿಗೆ ಅರಸಿನ ಹಚ್ಚಿದ ಹಾಗೆ ಹಚ್ತಾ ಇದ್ದೀಯಲ್ಲ!”

“ಹುಡುಗನ ಕಡೆಯವರು ಒಪ್ಪಬೇಕಲ್ಲ ಹಮೀದಾಕ,” ಎಂದೆ.

“ಒಪ್ತಾರೆ ಮಾರಾಯ, ಒಪ್ಪದೆ ಎಲ್ಲಿಗೆ ಹೋಗ್ತಾರೆ,” ಎಂದು ನಕ್ಕವರು ಗಾಡಿ ಹತ್ತುವಾಗ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಗುರುವಾರ ಮಂದೆಯ ಅಜ್ಜಿ ಮೊದಲು ಬಂತು. ಅಜ್ಜಿ ಎಂದರೆ ಕುತ್ತಿಗೆಗೆ ಗಂಟೆ ಕಟ್ಟಿದ ಮುದಿ ಕುರಿ, ಬುಂದಾ ಮರಿಯಾಗಿದ್ದಾಗ ತಲೆಯಲ್ಲಿ ಗುದ್ದಿ ಉರುಳಿಸಿದ್ದು ಇದೇ. ದೂರದಲ್ಲಿ ನಿಂತು ಮೂಗರಳಿಸಿತು, ಎರಡು ಹೆಜ್ಜೆ ಬಂತು, ಮತ್ತೆ ನಿಂತಿತು. ಬುಂದಾ ಅಲ್ಲಾಡಲಿಲ್ಲ. ಅಜ್ಜಿ ಅವಳ ಕಿವಿಯ ಹಿಂದೆ ಮೂಸಿ, ಕಾಲು ಮಡಚಿ ಪಕ್ಕದಲ್ಲೇ ಕೂತು ಮೆಲುಕು ಹಾಕತೊಡಗಿತು. ಆದರೆ ಬೇರೆ ಕುರಿಗಳು ಬರಲಿಲ್ಲ. ಶುಕ್ರವಾರ ಬೆಳಿಗ್ಗೆಯೂ ಅವು ಅಂಗಳದ ನಡುವೆ ನಿಂತು ಇತ್ತ ನೋಡುವುದು, ಅತ್ತ ಹೋಗುವುದು. ನನಗೆ ಅನ್ನ ಸೇರಲಿಲ್ಲ.

ಮಧ್ಯಾಹ್ನ ಹಮೀದಾಕ, ಗುಲ್ ಖಾನ್ ಎಲ್ಲರೂ ನಮಾಜಿಗೆ ಹೋದವರು ಇನ್ನೂ ತಿರುಗಿ ಬಂದಿರಲಿಲ್ಲ. ನಾನೊಬ್ಬನೇ ಶೆಡ್ಡಿನ ನೆರಳಿನಲ್ಲಿದ್ದೆ. ಅರಬಾಬ್‌ರ ಕಾರು, ಅದರ ಹಿಂದೆ ಅವರ ಸ್ನೇಹಿತರ ದೊಡ್ಡ ಜೀಪು ಗೇಟಿನೊಳಗೆ ಬಂದವು. ಅದೇ ಹೊತ್ತಿಗೆ ಕುರಿಗಳು ಒತ್ತಿ ಬಾಗಿಸಿದ್ದ ಬೇಲಿಯ ಬದಿಯಲ್ಲಿ ಧೂಳೆದ್ದಿತು. ಕಳ್ಳ ನಾಯಿಗಳು. ಬಾಗಿದ ತಂತಿಯ ಕೆಳಗಿನಿಂದ ಒಂದರ ಹಿಂದೊಂದು ನುಸುಳಿ ಒಳಗೆ ಬಂದವು.

ನಾನು ಬಾಚಿಯ ಕೋಲು ಎತ್ತಿಕೊಂಡು ಓಡಿದೆ, ಆದರೆ ದೂರ ಬಹಳವಿತ್ತು. ಮಂದೆ ಅಂಗಳದ ನಡುವೆ. ಆ ಕಡೆ ಕಳ್ಳ ನಾಯಿಗಳು, ಈ ಕಡೆ ಟ್ಯಾಂಕಿನ ಬುಡದಿಂದ ಎದ್ದು ನಿಂತ ಬೋಳು ಬುಂದಾ. ಕುರಿಗಳಿಗೆ ಎರಡೂ ಕಡೆ ನಾಯಿಯೇ. ಅವಳಿಂದಲೂ ಓಡಿದರೆ ಉಳಿಯುವುದು ಮೂಲೆಯೊಂದೇ, ಒಂದರ ಮೇಲೊಂದು ಬಿದ್ದು ಸಾಯುವ ಮೂಲೆ.

ಬುಂದಾ ಗುಡುಗಿದಳು. ಮೈ ಅರ್ಧ ಆಗಿದ್ದರೂ ದನಿ ಪೂರ್ತಿ ಇತ್ತು.

ಅಜ್ಜಿಯ ಗಂಟೆ ಢಣಢಣ ಎಂದಿತು. ಅದು ಮೂಲೆಗೆ ಹೋಗಲಿಲ್ಲ. ನೆಟ್ಟಗೆ ಬುಂದಾಳ ಕಡೆ ಓಡಿತು. ಅದರ ಹಿಂದೆ ಒಂದು, ಅದರ ಹಿಂದೆ ಹತ್ತು, ಆಮೇಲೆ ಇಡೀ ಮಂದೆ. ಟಗರು, ತಾಯಿ, ಮರಿ ಎಲ್ಲ ಅವಳ ಎರಡು ಬದಿಯಿಂದ ನೀರಿನ ಹಾಗೆ ಹರಿದು ಅವಳ ಬೆನ್ನ ಹಿಂದೆ ಹೋಗಿ ನಿಂತವು. ನಾನು ಓಡುತ್ತಾ ಓಡುತ್ತಾ “ಯೋ! ಯೋ!” ಎಂದು ಕಿರುಚುತ್ತಿದ್ದೆನಂತೆ. ಅರಬಾಬ್ ಆಮೇಲೆ ಹೇಳಿ ನಕ್ಕರು.

ಅವಳು ಮುಂದೆ ನಡೆದಳು. ಗುಂಪಿನ ಮುಂದಾಳು ನಾಯಿ ಹಾರಿ ಅವಳ ಭುಜಕ್ಕೆ ಬಾಯಿ ಹಾಕಿತು. ಮೊದಲಾಗಿದ್ದರೆ ಹಲ್ಲಿಗೆ ಕೂದಲು ಸಿಗುತ್ತಿತ್ತು. ಈಗ ಚರ್ಮವೇ ಸಿಕ್ಕಿತು, ರಕ್ತ ಇಳಿಯಿತು. ಬುಂದಾ ಹಿಂದೆ ಸರಿಯಲಿಲ್ಲ. ಅದನ್ನು ಕುತ್ತಿಗೆ ಹಿಡಿದು ಕೊಡವಿ ಎಸೆದಳು. ಅದು ಎದ್ದು ಬಾಲ ಮುದುರಿ ಬಂದ ದಾರಿಯಲ್ಲೇ ಓಡಿತು, ಉಳಿದವು ಅದಕ್ಕಿಂತ ಮೊದಲೇ ಓಡಿದ್ದವು. ನನ್ನ ಕೋಲಿಗೆ ಕೆಲಸವೇ ಸಿಗಲಿಲ್ಲ. ಒಂದು ಮರಿಯೂ ಸಾಯಲಿಲ್ಲ, ಒಂದು ಕುರಿಯ ಕಾಲೂ ಉಳುಕಲಿಲ್ಲ.

ನಾನು ಹೋಗಿ ಅವಳ ಪಕ್ಕದಲ್ಲಿ ಮೊಣಕಾಲೂರಿ ತಲೆಯ ಮುಂಡಾಸು ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದೆ. ಕುರಿಗಳು ಸುತ್ತ ಒತ್ತಿಕೊಂಡು ನಿಂತು ಅವಳನ್ನು ಮೂಸುತ್ತಿದ್ದವು. ನನ್ನನ್ನೂ ಮೂಸುತ್ತಿದ್ದವು. ಅರಬಾಬ್ ಮೊಣಕಾಲುನೋವು ಮರೆತು ಮರಳಿನಲ್ಲಿ ಬೇಗಬೇಗ ನಡೆದು ಬಂದರು, ಜೊತೆಗೆ ಅವರ ಸ್ನೇಹಿತರು. ಸ್ನೇಹಿತರ ಕಣ್ಣು ಅರಳಿತ್ತು.

“ಇದೇ ನಾಯಿಯಾ? ಮಾಶಾಲ್ಲಾ!” ಎಂದರು ಅವರು. “ಗಾಯ ನಾನೇ ಡಾಕ್ಟರಿಗೆ ತೋರಿಸುತ್ತೇನೆ. ಯಲ್ಲಾ, ಈಗಲೇ ಜೀಪಿಗೆ ಹತ್ತಿಸಿ.”

ಕೊಟ್ಟ ಮಾತು, ಬಂದ ಅತಿಥಿ. ಅರಬ್ಬರ ಮನೆಯಲ್ಲಿ ಅತಿಥಿಗೆ ಇಲ್ಲ ಎನ್ನುವುದು ಎಷ್ಟು ಕಷ್ಟ ಎಂದು ಇಲ್ಲಿದ್ದವರಿಗೆ ಗೊತ್ತು. ಅರಬಾಬ್ ಸ್ನೇಹಿತರ ಮುಖ ನೋಡಿದರು, ಬುಂದಾಳ ಮುಖ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು.

“ಈ ಮಂದೆಯ ವಿಷಯದಲ್ಲಿ ಮಾತು ಶೇಖರನದು,” ಎಂದರು. “ಅವನನ್ನೇ ಕೇಳು.”

ಸ್ನೇಹಿತರು ನನ್ನ ಕಡೆ ತಿರುಗಿದರು. ನನ್ನ ಕೈತುಂಬ ರಕ್ತ, ಮೈತುಂಬ ಉಣ್ಣೆಯ ಜಿಡ್ಡು. ಬಹ್ರೇನಿಗೆ ಬಂದ ದಿನದಿಂದ ನಾನು ಯಾವ ಅರಬ್ಬರಿಗೂ ಹಾಂ ಎಂಬುದನ್ನು ಬಿಟ್ಟು ಬೇರೆ ಉತ್ತರ ಕೊಟ್ಟವನಲ್ಲ. ಎದ್ದು ನಿಂತು, ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ:

“ಲಾ. ಕೊಡುವುದಿಲ್ಲ.”

“ಕೇಳಿದೆಯಲ್ಲ,” ಎಂದು ಅರಬಾಬ್ ಸ್ನೇಹಿತರ ಹೆಗಲ ಮೇಲೆ ಕೈಹಾಕಿದರು. “ಬಾ, ಒಳಗೆ ಹೋಗಿ ಗಹ್ವಾ ಕುಡಿಯೋಣ.”